ಮೂರು ಗ್ರಾಂ ಎಣ್ಣೆ

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನಾನು ಹೆಲನ್.
ಕಂಪನಿಯವರು ಇಟ್ಟ ಹೆಸರು.
ಹಾಲಮ್ಮ ಅನ್ನಲು ಮಕ್ಕಳ ನಾಲಿಗೆ ಹೊರಳುವುದಿಲ್ಲವಂತೆ;
ಹೊರಳದ್ದು ನಾಲಿಗೆಯೋ ವ್ಯಾಪಾರವೋ, ನಾನು ಕೇಳಲಿಲ್ಲ.

ಶಿವಮೊಗ್ಗದ ವಿನೋಬನಗರ, ಮಹಡಿ ಮೇಲೊಂದು ಬಾಡಿಗೆ ಕೋಣೆ.
ಬೆನ್ನ ಹಿಂದಿನ ಗೋಡೆಗೆ ಮೊಳೆ ಹೊಡೆದು ಬಿಳಿ ಬೆಡ್‌ಶೀಟು,
ಕೊರಳಿಗೆ ಅಕ್ಕನ ಮಗಳ ಸ್ಕಾರ್ಫು.
ಪಕ್ಕದ ಮನೆಯ ನೀರಿನ ಮೋಟಾರು ಶುರುವಾಗುವ ಮುಂಚೆ
ಪಾಠ ಮುಗಿಯಬೇಕು.

ಪರದೆಯ ಆ ಕಡೆ ಆಗಲೇ ಗಂಟೆ ಏಳು.
ಕೂತವಳು ಆಪಲ್.
ಮೂರನೇ ಕ್ಲಾಸಿನಲ್ಲಿ ಹೆಸರಿನ ಪಟ್ಟಿ ಕೊಟ್ಟರಂತೆ,
ಮೊದಲು ಕಂಡದ್ದನ್ನೇ ಇಟ್ಟುಕೊಂಡಳು.
ಅಮ್ಮ ಕರೆಯುವುದು ಮಿಂಗ್‌ಯು ಅಂತ.
ಗಾನ್ಸು ಕಡೆಯ ಒಂದು ಸಣ್ಣ ಪೇಟೆ, ಅಪ್ಪನದು ಕಲ್ಲಿದ್ದಲ ಲಾರಿ.
ಮುಂದಿನ ಜೂನಿನಲ್ಲಿ ದೊಡ್ಡ ಪರೀಕ್ಷೆ,
ಇಂಗ್ಲಿಷಿಗೆ ನೂರೈವತ್ತು ಅಂಕ.
ನೂರಿಪ್ಪತ್ತು ಬಂದರೆ ದೊಡ್ಡ ಊರಿನ ಕಾಲೇಜು,
ಬಾರದಿದ್ದರೆ
ವಾಕ್ಯ ಅಲ್ಲಿಗೇ ನಿಲ್ಲಿಸುತ್ತಾಳೆ,
ಇಂಗ್ಲಿಷು ಸಾಲದೆ ಅಲ್ಲ.

ಅವಳಿಗೆ ಹೇಳಿಲ್ಲ:
ಹೊಳೆಹೊನ್ನೂರಿನಲ್ಲಿ ಹತ್ತನೇ ಕ್ಲಾಸಿಗೆ
ನಾನು ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವಳು. ಇಪ್ಪತ್ತೆಂಟು.
ಹೆಡ್‌ಮೇಷ್ಟ್ರಿಗೆ ರಜಾ ಅರ್ಜಿ ಬಾಯಿಪಾಠ ಮಾಡಿ ಹೋಗಿದ್ದೆ,
ಪೇಪರಿನಲ್ಲಿ ಬಂದದ್ದು ಗೆಳತಿಗೆ ಪತ್ರ.
ಗೆಳತಿಯ ಹತ್ತಿರ ಎರಡು ದಿನದ ರಜೆ ಬೇಡಿ
ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಸಹಿ ಹಾಕಿ ಬಂದೆ.

ನಮ್ಮ ಪಾಠ ತಡೆದು ನಿಲ್ಲುತ್ತಿದ್ದದ್ದು ಒಂದೇ ಪದಕ್ಕೆ: ‘ದಿ’.
ಸೂರ್ಯನಿಗೆ ಬೇಕು, ಊಟಕ್ಕೆ ಬೇಡ.
ಹೊಳೆಗೆ ಬೇಕು, ಊರಿಗೆ ಬೇಡ.
ಯಾಕೆ ಮಿಸ್?
ಪುಸ್ತಕದ ನಿಯಮ ಓದಿ ಹೇಳಿದೆ. ಒಳಗೊಳಗೇ ಅಂದುಕೊಂಡೆ,
ಯಾರಿಗೆ ಗೊತ್ತು ಮಗಳೇ,
ನಿನ್ನ ಮಾತಿನಲ್ಲಿ ಇದು ಇಲ್ಲ, ನನ್ನದರಲ್ಲೂ ಇಲ್ಲ,
ಮೂರನೆಯವರ ಮನೆ ಹೊಸ್ತಿಲು.
ನಾನು ನಿನಗಿಂತ ಮೊದಲು ಎಡವಿದೆ,
ಅದಕ್ಕೇ ನನಗೆ ಸಂಬಳ.

ಒಂದು ಸಲ ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದಳು.
ಪ್ರತಿ ಇಂಗ್ಲಿಷ್ ಪದದ ಕೆಳಗೆ ಪೆನ್ಸಿಲಿನಲ್ಲಿ ಅವರ ಅಕ್ಷರ.
ನೋಡಿದ ಕೂಡಲೇ ತಿಳಿಯಿತು, ನಾವೂ ಹೀಗೇ
ಮೇಷ್ಟ್ರಿಗೆ ಕಾಣದಂತೆ ಕನ್ನಡದಲ್ಲಿ ಗೀಚುತ್ತಿದ್ದೆವಲ್ಲ.
ಥ್ಯಾಂಕ್ಯೂ ಕೆಳಗೆ ಮೂರು ಅಕ್ಷರ: ಸಾನ್ ಕ ಯೋ.
ಹಾಗೆಂದರೆ? ಮೂರು ಗ್ರಾಂ ಎಣ್ಣೆ, ಅಂದಳು.
ಅಂದಿನಿಂದ ಪಾಠದ ಕೊನೆಗೆ
ನನಗೆ ಮೂರು ಗ್ರಾಂ, ಅವಳಿಗೆ ಮೂರು ಗ್ರಾಂ.

ಇನ್ನೊಂದು ದಿನ ತರಕಾರಿಗಳ ಚಿತ್ರ. ಪಂಪ್‌ಕಿನ್.
ನಿಮ್ಮಲ್ಲಿ ಏನಂತೀರಿ?
ಬೇರೆ ಭಾಷೆ ಆಡಿದರೆ ದಂಡ, ಎಲ್ಲ ರೆಕಾರ್ಡ್ ಆಗುತ್ತದೆ.
ದನಿ ತಗ್ಗಿಸಿ ಹೇಳಿದೆ: ಚೀನಿಕಾಯಿ. ನಿಮ್ಮ ದೇಶದ ಕಾಯಿ.
ನಕ್ಕು ನಕ್ಕು ಮೇಜಿಗೆ ಹಣೆ ಹಚ್ಚಿದಳು.
ಅವರಲ್ಲಿ ಅದು ನಾನ್‌ಗ್ವಾ, ತೆಂಕಣ ದಿಕ್ಕಿನ ಕಾಯಿ.
ಅವರು ಕಳಿಸಿದ್ದೆಂದು ನಾವು, ಇತ್ತ ಕಡೆಯದೆಂದು ಅವರು,
ಕಳಿಸಿದವರೇ ಇಲ್ಲದ ಬಳ್ಳಿ
ಎರಡೂ ಹಿತ್ತಿಲಲ್ಲಿ ಹಬ್ಬಿಕೊಂಡಿದೆ.
ಇಷ್ಟನ್ನೂ ಆಡಿಕೊಂಡದ್ದು ಇಂಗ್ಲಿಷಿನಲ್ಲೇ,
ತಪ್ಪು ತಪ್ಪಾಗಿ, ಒಂದೂ ‘ದಿ’ ಇಲ್ಲದೆ.

ಜುಲೈ ಕೊನೆಗೆ ಮೇಲ್ ಬಂತು.
ಅಲ್ಲಿ ಹೊಸ ನಿಯಮ: ಶಾಲೆಯ ಮಕ್ಕಳಿಗೆ
ಹೊರದೇಶದಲ್ಲಿ ಕೂತ ಮೇಷ್ಟ್ರು ಬೇಡ.
ಡಿಯರ್ ಹೆಲನ್ ಅಂತ ಶುರು, ಒಟ್ಟು ನಾಲ್ಕು ಸಾಲು.
‘ದಿ’ಗಳೆಲ್ಲ ಸರಿಯಾದ ಜಾಗದಲ್ಲೇ ಇದ್ದವು.

ಭಾನುವಾರ ನಾಲ್ಕಕ್ಕೆ ಎಚ್ಚರ, ತಾನಾಗಿ.
ಬೆಡ್‌ಶೀಟು ಬಿಚ್ಚಿ ಮಂಚಕ್ಕೆ ಹಾಸಿದೆ. ಮೊಳೆ ಗೋಡೆಯಲ್ಲೇ ಇದೆ.
ಮೋಟಾರು ಶುರುವಾಯಿತು, ಆಗಲಿ.

ನೂರಿಪ್ಪತ್ತು ಬಂತೋ ಇಲ್ಲವೋ ತಿಳಿಯುವ ದಾರಿ ನನಗಿಲ್ಲ.
ಆಪಲ್ ಅಂತ ಹುಡುಕಿದರೆ ಏನು ಸಿಗುತ್ತದೆ ಹೇಳಿ.
ಅವಳ ಪೇಪರಿನಲ್ಲೂ ಗೆಳತಿಗೆ ಪತ್ರ ಬರಲಿ,
ಬರೆಯಲಿ ಹಾಲಮ್ಮನಿಗೆ,
ಎರಡು ದಿನದ ರಜೆ ಕೇಳಿಯಾದರೂ ಸರಿ.