ಸೀಮೋನನ ವಿಳಾಸ

ಅಥಣಿಯಲ್ಲಿ ನಮ್ಮ ಮನೆಗೆ ನಂಬರಿಲ್ಲ.
ಕಾಗದದ ಮೇಲೆ ಅಪ್ಪನ ಹೆಸರು, ಕೆಳಗೆ 'ಊರ ಹೊರಗ'.
ಅಂಚೆಯ ತವನಪ್ಪ ಹಳ್ಳದ ತನಕ ಬಂದು
ಸೈಕಲ್ ನಿಲ್ಲಿಸಿ, ಮೂಗಿಗೆ ಟವೆಲ್ ಹಿಡಿದು
ನಾತ ಬಂದ ಕಡೆ ಹೊರಳುತ್ತಾನೆ.
ಒಂದು ಕಾಗದವೂ ತಪ್ಪಿಲ್ಲ ಇದುವರೆಗೆ.

ಅಪ್ಪನಿಗೆ ಓದು ಬಾರದು.
ಐತವಾರ ಊಟದ ಮೇಲೆ, ಸುಣ್ಣದ ಬಾನಿಯ ಕಟ್ಟೆಗೆ ಕೂತು
ನಾನು ಓದುತ್ತೇನೆ, ಅಪ್ಪ ಉಗುರು ಕೆರೆಯುತ್ತ ಕೇಳುತ್ತಾನೆ.
ಯೊಪ್ಪ ಎಂಬ ಊರು. ಪೇತ್ರ ಅಲ್ಲಿ ಬಹಳ ದಿನ
ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿದ್ದ.
"ನಿಲ್ಲು. ಹದಾ ಮಾಡಾಂವ? ಹಂಗಂತ ಬರದಾರ?"
ಬರೆದಿದೆ ಅಪ್ಪ.
"ಸುಣ್ಣದಾಗ ಎಷ್ಟ ದಿನಾ ಇಡತಿದ್ದ?
ಜಾಲಿ ಚಕ್ಕಿನೋ, ಬ್ಯಾರೆ ಏನರೆ ಹಾಕತಿದ್ದೋ?
ಸಮುದ್ರ ಅಂದ್ರ ಉಪ್ಪು. ತೊಳಿಯಾಕ ಸೀನೀರು ಎಲ್ಲಿಂದ ತರತಿದ್ದ?"
ಅದೊಂದೂ ಇಲ್ಲ ಅಪ್ಪ.
ಸೀಮೋನ ಒಂದು ಮಾತೂ ಆಡುವುದಿಲ್ಲ ಪುಸ್ತಕದಲ್ಲಿ.

ಮಾಳಿಗೆಯ ಮೇಲೆ ಪೇತ್ರ ಹಸಿದಿದ್ದ.
ನಾಲ್ಕು ಮೂಲೆ ಹಿಡಿದ ಜಮಖಾನೆ ಮುಗಿಲಿನಿಂದ ಇಳಿಯಿತು,
ತುಂಬ ಪ್ರಾಣಿಗಳು. ಕೊಯ್ದು ತಿನ್ನು, ಅಂತು ದನಿ.
ಮೈಲಿಗೆಯದನ್ನು ಬಾಯಿಗಿಟ್ಟವನಲ್ಲ, ಅಂದ ಪೇತ್ರ.
ಅಪ್ಪ ನಕ್ಕ: "ಉಣ್ಣೂ ತಾಟ ಯಾರ ಮನ್ಯಾಂದು?"

ಕೆಳಗೆ ಅದೇ ಹೊತ್ತಿಗೆ, ಅಪ್ಪನ ಪ್ರಕಾರ,
ಸೀಮೋನ ರಂಪಿಗೆ ಹಿಡಿದು ಕೂದಲು ಕೆರೆಯುತ್ತಿದ್ದ.
ಮೂರು ಸಲ ಇಳಿದು ಏರಿದ ಬಟ್ಟೆ ಅವನ ಕಣ್ಣಿಗೆ ಬೀಳಲಿಲ್ಲ;
ಬಿದ್ದಿದ್ದರೆ ನೋಡುತ್ತಿದ್ದ
ಯಾವ ತೊಗಲಿಗೆ ಎಲ್ಲಿ ಗಾಯ,
ಎಲ್ಲಿ ಉಣ್ಣಿ ಕಚ್ಚಿದ ತೂತು.

ನಮ್ಮ ಹಿತ್ತಲಲ್ಲಿ ಮೂರು ಬೊಂಬಿನ ನಡುವೆ
ಚೀಲದಂತೆ ಹೊಲಿದ ತೊಗಲು ತೂಗುತ್ತಿದೆ.
ಹೊಟ್ಟೆ ತುಂಬ ಜಾಲಿ ಚಕ್ಕೆ, ಅಳಲೆಕಾಯಿ, ನೀರು,
ಮತ್ತೊಮ್ಮೆ ಎಮ್ಮೆಯಾಗಲು ಹೊರಟಂತೆ ಉಬ್ಬಿದೆ.
ಅಡಿಯಿಂದ ತೊಟ್ಟಿಕ್ಕುವ ಕೆಂಪು ನೀರು ಬೋಗುಣಿಗೆ,
ಬೋಗುಣಿಯಿಂದ ಮತ್ತೆ ಮೇಲಕ್ಕೆ. ಹಗಲೂ ರಾತ್ರಿ.
ಐತವಾರ ಕೆಲಸ ಬೇಡ ಅನ್ನುತ್ತಾರೆ ಸಭಾಪಾಲಕರು;
ತೊಗಲಿಗೆ ವಾರ ತಿಳಿಯುವುದಿಲ್ಲ.
ಆತುರದಲ್ಲಿ ಹದ ಮಾಡಿದ್ದು
ಮೊದಲ ಮಳೆಗೇ ಎಲ್ಲ ಹೇಳಿಬಿಡುತ್ತದೆ.
ಚಪ್ಪಲಿಯ ಕಿರ್ರ್ ಎನ್ನುವ ಸದ್ದಿಗೆ ಹೊಲಿದವನ ಹೆಸರಿದೆ,
ಮಾರಿದವನ ಅಂಗಡಿಗೆ ಬೋರ್ಡಿದೆ.

ಆಮೇಲೆ ಬಂತು ಆ ಸಾಲು.
ದೂರದ ಊರಿನ ದಂಡಿನ ಸಾಹೇಬನ ಎದುರು
ಹೊಳೆಯುವ ಬಟ್ಟೆ ತೊಟ್ಟು ದೇವದೂತ ನಿಂತ,
ಪೇತ್ರನನ್ನು ಕರೆಸು ಅಂದ. ಅವನು ಇರುವುದು
ತೊಗಲು ಹದ ಮಾಡುವ ಸೀಮೋನನ ಮನೆ,
ಸಮುದ್ರದ ದಂಡೆ.

ಅಪ್ಪನ ಕೈ ನಿಂತಿತು.
"ದೇವದೂತನ ಬಾಯಾಗ? ವಿಳಾಸ?"
ಹೂಂ.
"ಮೂಗು ಮುಚ್ಚಿಕೊಂಡಿದ್ದನೇನು?"
ಬರೆದಿಲ್ಲ.
"ಊರ ಹೊರಗ ಅಂದನೇನು?"
ಇಲ್ಲಪ್ಪ. ಸಮುದ್ರದ ದಂಡೆ ಅಂದ.

ಬಹಳ ಹೊತ್ತು ಹಳ್ಳದ ಕಡೆ ನೋಡಿದ.
ಈ ತಿಂಗಳು ಅದರಲ್ಲಿ ಮೊಣಕಾಲುದ್ದ ನೀರೂ ಇಲ್ಲ.
"ಮತ್ತ ಓದು, ಅದನಷ್ಟ."
ಓದಿದೆ.

ನಾನು ಪುಸ್ತಕ ಮಡಚುವ ಹೊತ್ತಿಗೆ
ಬೋಗುಣಿ ತುಂಬಿತ್ತು.
ಅಪ್ಪ ಎದ್ದು ಹೋಗಿ ಸುರಿಯುತ್ತಿದ್ದ.