ಒಬ್ಬ ವಿದ್ಯಾರ್ಥಿನಿ ಚೆಂಡನ್ನು ಬೀಳಿಸುತ್ತಾಳೆ

ಗ್ರಿಮ್ಸ್‌ಬಿಯ ಈ ಶಾಲೆಯ ಹದಿನಾಲ್ಕನೇ ಕೋಣೆಯಲ್ಲಿ
ಟ್ಯೂಬ್‌ಲೈಟು ಗುಂಯ್‌ಗುಡುತ್ತದಂತೆ.
ನನಗೆ ಕೇಳಿಸದು.
ಡೆಕ್ಲನ್‌ಗೆ ಕೇಳಿಸುತ್ತದೆ;
ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಹೇಳುತ್ತಾನೆ:
"ನೂರು ಹರ್ಟ್ಸ್, ಮಿಸ್ ವನಮಾಲಾ ಬಂಕಾಪುರ."

ಉಳಿದವರಿಗೆಲ್ಲ ನಾನು ಬರೀ ಮಿಸ್.
ಅವನೊಬ್ಬ ಮಾತ್ರ ನನ್ನ ಹೆಸರನ್ನು
ಒಂದಕ್ಷರ ಮುರಿದುಕೊಳ್ಳದೆ, ದಿನಕ್ಕೆ ಇಪ್ಪತ್ತು ಸಲ,
ಚಿಲ್ಲರೆ ಎಣಿಸಿ ಕೊಡುವವನ ಹಾಗೆ
ಪೂರ್ತಿ ಕೊಡುತ್ತಾನೆ.

ಮನೆಗೆ ಬರುವ ಕರೆಂಟಿನ ಆವರ್ತನ ಎಷ್ಟು?
ನೂರು, ಎಂದು ಬರೆದ. ಅಂಕ ಸೊನ್ನೆ.
ಆ ರಾತ್ರಿ ಅನ್ನಕ್ಕಿಟ್ಟು ನಾನೇ ಓದಿಕೊಂಡೆ:
ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ,
ದೀಪ ಗುನುಗುತ್ತದೆ
ಹೋಗುವಾಗೊಮ್ಮೆ, ಬರುವಾಗೊಮ್ಮೆ.
ಅನ್ನ ತಳ ಹಿಡಿದಿತ್ತು.
ಬೆಳಿಗ್ಗೆ ಅಂದೆ, "ನನ್ನ ಭಾಷೆಯಲ್ಲಿ
ಕಿವಿ ಮಾಡುವುದಕ್ಕೂ ಬಾಯಿ ಮಾಡುವುದಕ್ಕೂ
ಒಂದೇ ಮಾತು, ಕೇಳುವುದು.
ನೀನು ಕೇಳಿದ್ದು ನೂರು. ಅವರು ಕೇಳಿದ್ದು ಐವತ್ತು."
ಬಹಳ ಹೊತ್ತು ಪೆನ್ಸಿಲ್ ಸುತ್ತಿಸಿದ.
ಆಮೇಲೆ ಪುಸ್ತಕದ ಅಂಚಿನಲ್ಲಿ ಎರಡನ್ನೂ ಬರೆದು
ಐವತ್ತಕ್ಕೆ ಮಾತ್ರ ಗೆರೆ ಎಳೆದ,
ತುಸು ಬೇಸರದಿಂದ.

ಮಾರ್ಚ್ ತಿಂಗಳೆಲ್ಲ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡೆವು:
ಒಬ್ಬ ವಿದ್ಯಾರ್ಥಿನಿ ಚೆಂಡನ್ನು ಬೀಳಿಸುತ್ತಾಳೆ.
ಯಾರವಳು?
ಹೋದ ವರ್ಷ ಸ್ಪ್ರಿಂಗ್ ಎಳೆದವಳೂ ಅವಳೇನಾ?
ಅದರ ಹಿಂದಿನ ವರ್ಷ ನೀರು ಕಾಯಿಸಿ
ಉಷ್ಣತೆ ತಪ್ಪಾಗಿ ಓದಿದವಳು?
ಪ್ರತಿ ಸಲವೂ ಒಬ್ಬಳೇ ಯಾಕಿದ್ದಾಳೆ?
"ಹೆಸರು ಮುಖ್ಯವಲ್ಲ" ಅಂದುಬಿಟ್ಟೆ.
ಇಪ್ಪತ್ತು ಸಲ ನನ್ನ ಹೆಸರು ಹೇಳುವ ಹುಡುಗ
ಅವತ್ತು ಒಮ್ಮೆಯೂ ಹೇಳಲಿಲ್ಲ.
ಶನಿವಾರ ಅವನ ತಾಯಿ ಶೆರಿಲ್, ಮೀನಿನ ಪಾಳಿ ಮುಗಿಸಿ,
ಹಡಗುಕಟ್ಟೆಗೆ ಕರೆದುಕೊಂಡು ಹೋದಳಂತೆ.
ಸೋಮವಾರ ಬಂದವನೇ ಹೇಳಿದ:
"ಮಾರ್ಗರಿ ಆನ್."
ತುಕ್ಕು ಹಿಡಿದು ನಿಂತ ದೋಣಿಯೊಂದರ ಹೆಸರು.
ಆಮೇಲೆ ಚೆಂಡು ಸಲೀಸಾಗಿ ಬಿತ್ತು.

ಬೆಂಕಿ ಗಂಟೆ ಪರೀಕ್ಷಿಸಿದ ದಿನ
ಮೇಜಿನ ಕೆಳಗೆ ಹೊಕ್ಕವನು ನಲವತ್ತು ನಿಮಿಷ ಬರಲಿಲ್ಲ.
ನಾನೂ ನೆಲಕ್ಕೆ ಕೂತೆ, ಮುಟ್ಟದೆ, ಮಾತಾಡದೆ,
ಅವನ ಶೂ ಲೇಸು ನೋಡುತ್ತ.
ಹೊರಬಂದು ಲೆಕ್ಕ ಹಾಕಿದ:
ಬಲ ಗುಣಿಸು ದೂರ; ದೂರ ಸೊನ್ನೆ;
"ನೀವು ಮಾಡಿದ ಕೆಲಸ ಸೊನ್ನೆ ಜೂಲ್."
ದಿನಚರಿಯಲ್ಲಿ ಹಾಗೇ ಬರೆದೆ.
ಮೇಲಿನವರು ಕರೆಸಿ ವಿವರಣೆ ಕೇಳಿದರು.

ಜೂನ್. ಬೇರೆ ಕೋಣೆ. ದೀಪ ಆರಿಸಿದೆ,
ಕಿಟಕಿ ಬೆಳಕು ಸಾಕು.
ನಾನು ಓದಿ ಹೇಳುವವಳು ಅಷ್ಟೆ:
ಅಚ್ಚಾದದ್ದಕ್ಕಿಂತ ಒಂದು ಪದ ಹೆಚ್ಚಿಲ್ಲ,
ದನಿಯಲ್ಲೂ ಸುಳಿವು ಕೊಡುವಂತಿಲ್ಲ.
ನಾಲ್ಕನೇ ಪ್ರಶ್ನೆ. ಒಬ್ಬ ವಿದ್ಯಾರ್ಥಿನಿ...
ಗಂಟಲು ಕಟ್ಟಿತು. ಕೆಮ್ಮಿ, ಮತ್ತೆ ಮೊದಲಿಂದ ಓದಿದೆ.
ಅವನು ತಲೆಯೆತ್ತಲಿಲ್ಲ.
ಉತ್ತರದ ಮೊದಲ ಸಾಲು, ತಲೆಕೆಳಗಾಗಿ, ನನಗೆ ಕಂಡಿತು:
ಮಾರ್ಗರಿ ಆನ್ ಕೈಬಿಟ್ಟ ಕೂಡಲೇ

ಯಾವ ಊರಲ್ಲೋ ಕೂತು ತಿದ್ದುವವರು
ಹುಬ್ಬು ಗಂಟಿಕ್ಕಿಕೊಳ್ಳಲಿ.

ಹೊತ್ತಿಗೆ ಮೊದಲೇ ಮುಗಿಸಿ ಪೆನ್ನಿನ ಟೋಪಿ ಹಾಕಿದ.
ಏಳಲಿಲ್ಲ.
ಹೆಚ್ಚುವರಿ ಸಮಯ ಇಪ್ಪತ್ತಾರು ನಿಮಿಷ ಹದಿನೈದು ಸೆಕೆಂಡು,
ಕಾಗದದಲ್ಲಿ ಅವನ ಹೆಸರಿಗೇ ಬರೆದುಕೊಟ್ಟದ್ದು;
ಬಿಟ್ಟುಕೊಡುವ ಮಾತೇ ಇಲ್ಲ.
ತಗಡಿನ ಮಾಡಿನ ಮೇಲೆ ಕಡಲಹಕ್ಕಿ ಓಡಾಡುತ್ತಿತ್ತು,
ಟಕ, ಟಕ, ನಿಂತು, ಟಕ.
ಇಬ್ಬರೂ ಕೂತೆವು,
ಸೊನ್ನೆ ಜೂಲ್.