ಅಲುಗಬೇಡಿ

ಹಗಲಿಡೀ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತೇನೆ:
ಉಸಿರು ಹಿಡಿಯಿರಿ, ಅಲುಗಬೇಡಿ, ಆಯಿತು.
ಅಲ್ಲಿ ಮಸುಕಾದರೆ ತಪ್ಪು ನನ್ನದು.

ಗುರುವಾರ ಸಂಜೆ, ಗ್ರಿಮ್ಸ್‌ಬಿಯ ಧಕ್ಕೆಯ ಹಿಂದೆ,
ಹ್ಯಾಡಕ್ ಮೀನಿನ ಹೊಗೆವಾಸನೆ ಇನ್ನೂ ಬಿಡದ ಗೋದಾಮಿನಲ್ಲಿ
ಕೆಂಪು ದೀಪದಡಿ ಡೋರೀನಳ ಪಾಠ.
ಮೂವತ್ತು ವರ್ಷ ಮೀನು ಸೀಳಿದ ಬೆರಳು
ನನ್ನ ಚಿತ್ರಗಳನ್ನು ಒಂದೊಂದೇ ಬದಿಗೆ ಸರಿಸುತ್ತದೆ:
ಹಡಗು. ಕಡಲಹಕ್ಕಿ. ಸೂರ್ಯಾಸ್ತ.
"ಎಲ್ಲ ಕಾಣಿಸ್ತಿದೆ. ನೀನೆಲ್ಲಿ ಇದರಲ್ಲಿ?"

ಸಿಟ್ಟು ಬಂತು. ಬಸ್ಸೂ ತಪ್ಪಿತು.
ನಡೆದೆ. ಮುಚ್ಚಿದ ಐಸ್ ಕಾರ್ಖಾನೆ,
ಒಡೆದ ಕಿಟಕಿಯೊಳಗೆ ಯಾರೋ ಬಿಟ್ಟುಹೋದ
ರಬ್ಬರಿನ ಬೂಟು, ಒಂದೇ ಒಂದು.
ಬೆಳಕು ಸಾಲದು. ಕ್ಯಾಮೆರಾ ಎದೆಗೊತ್ತಿ, ಷಟರ್ ತೆರೆದಿಟ್ಟು
ಹನ್ನೊಂದರವರೆಗೆ ಎಣಿಸಿದೆ, ಕನ್ನಡದಲ್ಲಿ;
ಏಳರ ಹೊತ್ತಿಗೆ ಕೈ ನಡುಗಿತು.

ಇವತ್ತು ತಟ್ಟೆಯ ದ್ರಾವಣದಲ್ಲಿ
ಬಿಳಿ ಹಾಳೆ ಮೆಲ್ಲಗೆ ಕಪ್ಪಾಗುತ್ತ ಬಂದು
ಬೂಟಿನ ಪಕ್ಕ ಇನ್ನೊಂದು ಬೂಟು ಮೂಡಿತು,
ನನ್ನ ನಡುಕದ್ದು,
ಅರ್ಧ ಹೆಜ್ಜೆ ಎತ್ತಿದ್ದು.

ಡೋರೀನ್ ಕನ್ನಡಕ ಹಣೆಗೇರಿಸಿದಳು.
ಏನೂ ಅನ್ನಲಿಲ್ಲ.
ಒಗೆದ ಬಟ್ಟೆಯಂತೆ ಅದನ್ನು ಹಗ್ಗಕ್ಕೆ ಸಿಕ್ಕಿಸಿ
ಚಹಾಕ್ಕೆ ನೀರಿಟ್ಟಳು.

ನಾಳೆ ಎಂಟಕ್ಕೆ ಡ್ಯೂಟಿ.
ಎಷ್ಟು ತೊಳೆದರೂ ಕೈ ಹೈಪೋ ನಾರುತ್ತಿದೆ.